ಅಂಗಿಗೆ ನೂತ ನೂಲು

ಹನೀನಾಳಿಗೆ ಮರೆವು ಎಂದು ಯಾರಾದರೂ ಅಂದರೆ ನನಗೆ ಇಂದಿಗೂ ಮೈಯೆಲ್ಲ ಉರಿಯುತ್ತದೆ. ಮರೆವಲ್ಲ ಅದು. ಅವಳು ಇಲ್ಲಿ ಇರುತ್ತಿರಲಿಲ್ಲ, ಅಷ್ಟೆ. ಅಂಗಳದ ತೊಟ್ಟಿಯಿಂದ ನೀರು ತರಲು ಹೋದವಳು ಬರಿ ಕೊಡ ಹೊತ್ತುಕೊಂಡು ವಾಪಸು ಬರುತ್ತಿದ್ದಳು. ಸಾರಿಗೆ ಒಂದು ದಿನ ಎರಡು ಸಲ ಉಪ್ಪು ಹಾಕುವಳು, ಮಾರನೆಯ ದಿನ ಹಾಕುತ್ತಲೇ ಇರಲಿಲ್ಲ, ಅಲ್ಲಿಗಲ್ಲಿಗೆ ಸರಿಹೋಯಿತು ಎಂದು ನಗುವಳು. ಮಾತಾಡುತ್ತ ಮಾತಾಡುತ್ತ ಎದುರಿನ ಸುಣ್ಣದ ಗೋಡೆಯ ಬಿಸಿಲನ್ನು ನೋಡತೊಡಗಿದಳೆಂದರೆ ಮುಗಿಯಿತು, ನೀವು ಎದ್ದು ಹೋಗಿ ನಾಲ್ಕು ರೊಟ್ಟಿ ಸುಟ್ಟುಕೊಂಡು ಬಂದರೂ ಅವಳು ಅಲ್ಲೇ ಇರುತ್ತಿದ್ದಳು. ಕೇರಿಯವರು ಅವಳನ್ನು ನಿದ್ದೆಗಣ್ಣಿನ ಹನೀನಾ ಎಂದು ಎದುರಿಗೇ ಕರೆಯುತ್ತಿದ್ದರು. ಅವಳಿಗೆ ಅದರಿಂದ ಬೇಸರವೂ ಇರಲಿಲ್ಲ.

ನಾನು ಕಮ್ಮೂನಾ. ಜೆರ್ಬಾ ದ್ವೀಪದ ನಮ್ಮ ಯಹೂದಿ ಕೇರಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ಒಂದೇ ಅಂಗಳ. ಮೂವತ್ತೊಂದು ವರ್ಷ ಅವಳ ಒಲೆಯ ಹೊಗೆ ನನ್ನ ಕಣ್ಣಿಗೆ, ನನ್ನ ಒಲೆಯ ಹೊಗೆ ಅವಳ ಕಣ್ಣಿಗೆ. ನನ್ನ ಗಂಡ ಬೆಳ್ಳಿ ಕೆಲಸದವನು. ಅವಳ ಗಂಡ ರಹ್ಮೀನ್ ನೇಕಾರ, ಪ್ರಾರ್ಥನೆಯ ಶಾಲುಗಳನ್ನು ನೇಯುವುದರಲ್ಲಿ ಅವನನ್ನು ಮೀರಿಸಿದವರು ದ್ವೀಪದಲ್ಲೇ ಇರಲಿಲ್ಲ. ಟ್ಯೂನಿಸಿನಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಶಾಲನ್ನು ಅವನು ನೇಯುತ್ತಿದ್ದ. ಅದರ ನಾಲ್ಕು ಮೂಲೆಗೆ ಕಟ್ಟುವ ಕುಚ್ಚಿನ ನೂಲನ್ನು ಹನೀನಾ ನೂಲುತ್ತಿದ್ದಳು. ಕುಚ್ಚಿಲ್ಲದ ಶಾಲು ಬರಿ ಹೊದಿಕೆ, ಚಳಿಗೆ ಹೊದೆಯಬಹುದು, ದೇವರ ಮುಂದೆ ಅಲ್ಲ.

ಕುಚ್ಚಿನ ನೂಲು ಬೇರೆ ನೂಲಿನ ಹಾಗಲ್ಲ. ಎಷ್ಟೇ ನಯವಾಗಿ ನೂಲಿ, ಎಷ್ಟೇ ಬಿಳಿಯ ಉಣ್ಣೆ ತನ್ನಿ, ಕದಿರು ತಿರುಗಿಸುವ ಮೊದಲು ‘ಇದು ಕುಚ್ಚಿನ ಕಟ್ಟಳೆಗೆಂದು ನೂಲುತ್ತೇನೆ’ ಎಂದು ಬಾಯಿ ಬಿಟ್ಟು ಹೇಳಿ, ಮನಸ್ಸನ್ನು ಅಲ್ಲಿ ಇಟ್ಟು ನೂತಿರಬೇಕು. ಎಳೆಗಳನ್ನು ಜೋಡಿಸಿ ಹುರಿ ಮಾಡುವಾಗಲೂ ಹಾಗೇ. ಇಲ್ಲದಿದ್ದರೆ ಅದು ಕಾಲುಚೀಲದ ನೂಲು. ನಮ್ಮ ಬದುಕೆಲ್ಲ ಇಂಥದ್ದೇ. ದುಡಿಯಬಾರದ ಶಬ್ಬಾತ್ ದಿನ ತಟ್ಟೆಯ ಬೇಳೆಯನ್ನು ಕೈಯಲ್ಲಿ ಆರಿಸಿ ಆಗಲೇ ಬಾಯಿಗೆ ಹಾಕಿಕೊಂಡರೆ ಅದು ಊಟ, ಅದೇ ಬೇಳೆಗೆ ಜರಡಿ ಹಿಡಿದರೆ ಅದು ದುಡಿಮೆ, ದೋಷ. ಯಾವುದರಿಂದ ಮಾಡಿದೆ, ಯಾವುದಕ್ಕಾಗಿ ಮಾಡಿದೆ, ಈ ಎರಡು ಪ್ರಶ್ನೆ ಕೇಳದೆ ನಮ್ಮ ಮನೆಯಲ್ಲಿ ಈರುಳ್ಳಿ ಸಿಪ್ಪೆಯನ್ನೂ ಸುಲಿಯುವುದಿಲ್ಲ. ನಾನಂತೂ ಈ ಪ್ರಶ್ನೆಗಳ ಮೇಲೆ ಎಷ್ಟೋ ಸಲ ರೇಗಿದ್ದೇನೆ, ಆದರೂ ಕೇಳಿಕೊಂಡೇ ಬಂದಿದ್ದೇನೆ.

ಹನೀನಾಳ ಬಳಿ ಎರಡು ಕದಿರಿದ್ದವು. ಒಂದು ಬೊಂಬಿನದು, ಬುಡದಲ್ಲಿ ಮಣ್ಣಿನ ಬಿಲ್ಲೆ, ಮನೆಬಳಕೆಗೆ. ಇನ್ನೊಂದು ಆಲಿವ್ ಮರದ್ದು. ಮದುವೆಯಾದ ವರ್ಷ ರಹ್ಮೀನ್ ತಾನೇ ಕೆತ್ತಿ, ಎಣ್ಣೆ ಉಜ್ಜಿ ಕೊಟ್ಟದ್ದು. ಅದು ತಿರುಗಿದರೆ ಸದ್ದೇ ಇಲ್ಲ. ಆಲಿವ್ ಕದಿರನ್ನು ಅವಳು ಕುಚ್ಚಿನ ನೂಲಿಗಲ್ಲದೆ ಇನ್ಯಾವುದಕ್ಕೂ ಮುಟ್ಟುತ್ತಿರಲಿಲ್ಲ. ಬೆಳಗಿನ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಅದನ್ನು ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ ಆ ಮಾತು ಹೇಳಿ, ಉಣ್ಣೆಯ ಹಂಜಿಯಿಂದ ಎಳೆ ಬಿಡುತ್ತ ನಿಂತಳೆಂದರೆ ನಾವು ಯಾರೂ ಮಾತಾಡಿಸುತ್ತಿರಲಿಲ್ಲ. ಉಪ್ಪು ಮರೆಯುವವಳು, ಕೊಡ ಮರೆಯುವವಳು, ಆ ಮಾತನ್ನು ಒಂದು ದಿನವೂ ಮರೆತವಳಲ್ಲ. ಕದಿರು ನೆಲದ ಹತ್ತಿರ ಸುತ್ತುತ್ತ ಕೆಳಗಿಳಿಯುವುದು, ಅವಳು ಎಲ್ಲೋ ದೂರ ತೇಲುತ್ತ ಮೇಲಕ್ಕೆ ಹೋಗುವಳು. ನೋಡುತ್ತ ನಿಂತರೆ ನನಗೂ ತೂಕಡಿಕೆ ಬರುತ್ತಿತ್ತು. ಸಮುದ್ರದ ಗಾಳಿಯಲ್ಲಿ ಉಣ್ಣೆಯ ತುಣುಕುಗಳು ಅಂಗಳದ ತುಂಬ ಹಾರಾಡುತ್ತಿದ್ದವು, ನನ್ನ ಹಿಟ್ಟಿನ ಮೇಲೂ ಬಂದು ಕೂರುತ್ತಿದ್ದವು. ಬೈದರೂ ಕೇಳಿಸಿಕೊಳ್ಳಲು ಅವಳು ಅಲ್ಲಿರಬೇಕಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಮೊದಲ ವರ್ಷಗಳಲ್ಲಿ ಎರಡು ಸಲ ಆಸೆ ಹುಟ್ಟಿ ಎರಡು ಸಲವೂ ಹೋಯಿತು. ಎರಡು ಸಲವೂ ರಹ್ಮೀನ್ ಒಂದು ತಿಂಗಳು ಮಗ್ಗಕ್ಕೆ ಕೂರಲಿಲ್ಲ. ಬೇಲಿಯಾಚೆಯ ಖರ್ಜೂರದ ಮರದ ಕೆಳಗೆ ಕೂತು ಮಣ್ಣು ನೋಡುತ್ತಿದ್ದ. ಆಮೇಲೆ ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಅವನು ಒಳ್ಳೆಯವನೇ, ಬಾಯಿ ಮಾತ್ರ ಸ್ವಲ್ಪ ಒರಟು. ‘ನಮ್ಮನೇಲಿ ಮಾತಾಡೋರು ಇಬ್ರೇ, ಅದರಲ್ಲಿ ಒಬ್ಬಳು ಯಾವಾಗ್ಲೂ ಊರಲ್ಲಿರಲ್ಲ’ ಎಂದು ಹೆಂಡತಿಯನ್ನು ಛೇಡಿಸುತ್ತಿದ್ದ.

ಫ್ರೆಂಚರು ಹೊರಟುಹೋದ ವರ್ಷದ ಬೇಸಿಗೆ. ಹನೀನಾಳಿಗೆ ಆಗ ನಲವತ್ತಮೂರು. ಒಂದು ದಿನ ತೊಟ್ಟಿಯ ಹತ್ತಿರ ನನ್ನ ಸೆರಗು ಹಿಡಿದು ನಿಲ್ಲಿಸಿ, ಮೂರು ತಿಂಗಳಿಂದ ಮುಟ್ಟಾಗಿಲ್ಲ, ಮಿಂದು ಶುದ್ಧಿಯಾಗುವ ಕೊಳಕ್ಕೂ ಹೋಗಿಲ್ಲ ಎಂದಳು. ನಾನು ವಯಸ್ಸು ಕಣೇ ಎಂದೆ. ಅವಳು ತಲೆ ಅಲ್ಲಾಡಿಸಿದಳು. ರಹ್ಮೀನನೂ ವಯಸ್ಸು ಎಂದೇ ತಿಳಿದಿದ್ದನಂತೆ, ಅವಳು ಹಾಗೆ ತಿಳಿಯಲು ಬಿಟ್ಟಿದ್ದಳಂತೆ. ಹೊಟ್ಟೆ ಕಾಣುವವರೆಗೆ ಹೇಳುವುದಿಲ್ಲ, ಮೂರನೆಯ ಸಲವೂ ಅವನು ಮರದ ಕೆಳಗೆ ಕೂರುವುದನ್ನು ನೋಡುವ ಶಕ್ತಿ ತನಗಿಲ್ಲ ಎಂದಳು. ಅವಳು ಅಷ್ಟು ಪೂರ್ತಿಯಾಗಿ ಎಚ್ಚರವಾಗಿದ್ದದ್ದನ್ನು ನಾನು ಮೊದಲು ನೋಡಿರಲಿಲ್ಲ.

ಆ ವಾರವೇ ಅವಳು ಒಂದು ಕೆಲಸ ಮಾಡಿದಳು. ಕುಚ್ಚಿಗೆಂದು ತೊಳೆದು ಬಾಚಿಟ್ಟಿದ್ದ ಉಣ್ಣೆಯಲ್ಲಿ ಎಲ್ಲಕ್ಕಿಂತ ಮೆತ್ತಗಿನ ಹಿಡಿಯನ್ನು ತೆಗೆದಳು. ಬೊಂಬಿನ ಕದಿರು ಅಲುಗುತ್ತದೆ, ಎಳೆ ಒರಟಾಗುತ್ತದೆ, ಎಳೆಮೈಗೆ ಚುಚ್ಚುತ್ತದೆ. ಹಾಗಾಗಿ ಆಲಿವ್ ಕದಿರನ್ನೇ ಎತ್ತಿಕೊಂಡಳು. ಮರೆತು ಅಲ್ಲ, ಬೇಕೆಂದೇ. ಕಣ್ಣು ಮುಚ್ಚಿದಳು. ದಿನ ಹೇಳುವ ಮಾತನ್ನು ನುಂಗಿಕೊಂಡಳು. ‘ಇದು ಪುಟ್ಟ ಅಂಗಿಗೆಂದು ನೂಲುತ್ತೇನೆ’ ಎಂದಳು. ನಾನು ಎದುರಿನ ಮೆಟ್ಟಿಲ ಮೇಲೆ ಮೆಣಸಿನಕಾಯಿ ಪೋಣಿಸುತ್ತಿದ್ದೆ, ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ. ಎಂದಿನ ಮಾತೇ ಎಂದುಕೊಂಡೆ. ನಾಲ್ಕು ಬೆಳಗು ಹಾಗೇ ನೂತಳು, ಹುರಿಯನ್ನೂ ಮಾಡಿದಳು. ಅಂಥ ನೂಲನ್ನು ನಾನು ಅದಕ್ಕೆ ಮುಂಚೆ ಕಂಡಿಲ್ಲ, ಆಮೇಲೂ ಕಂಡಿಲ್ಲ. ಬಿಸಿಲಿಗೆ ಹಿಡಿದರೆ ಇದೆಯೋ ಇಲ್ಲವೋ ಅನ್ನಿಸುತ್ತಿತ್ತು, ಎಳೆದರೆ ಬೆರಳು ಕೊಯ್ಯುವಷ್ಟು ಗಟ್ಟಿ.

ಐದನೆಯ ದಿನ ಅವಳಿಗೆ ಹೊಟ್ಟೆ ನೋವು ಶುರುವಾಯಿತು. ರಹ್ಮೀನ್ ಉಣ್ಣೆ ಕೊಳ್ಳಲು ಹೂಮ್ತ್ ಸೂಕ್ ಪಟ್ಟಣದ ಸಂತೆಗೆ ಹೋಗಿದ್ದ. ನೀರು ಕಾಯಿಸಿದವಳು ನಾನು, ಬಟ್ಟೆ ಒಗೆದವಳು ನಾನು. ಅವಳು ಒಂದು ಸಲವೂ ಕೂಗಲಿಲ್ಲ. ಎಲ್ಲ ಮುಗಿದ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ರಹ್ಮೀನ್ ಬಂದಾಗ ಹೆಂಗಸರ ಕಾಯಿಲೆ, ಈ ವಯಸ್ಸಿಗೆ ಆಗುವುದೇ ಎಂದು ನಾನೇ ಹೇಳಿದೆ. ಅವನು ಒಳಗೆ ಇಣುಕಿ, ಮುಖ ಸಪ್ಪಗೆ ಮಾಡಿಕೊಂಡು, ನನ್ನ ಕೈಗೆ ಒಂದು ಚೀಲ ಅಂಜೂರ ಕೊಟ್ಟು ಮಗ್ಗದ ಕೋಣೆಗೆ ಹೋದ.

ಹತ್ತು ದಿನ ಅವಳು ಏಳಲಿಲ್ಲ. ಹೊಸ ವರ್ಷದ ಹಬ್ಬ ಹತ್ತಿರ ಬರುತ್ತಿತ್ತು. ರಹ್ಮೀನ್ ಊರಿಗೆಲ್ಲ ಶಾಲು ನೇಯ್ದವನು, ತನಗೆ ಮಾತ್ರ ಅಪ್ಪನ ಕಾಲದ ತೇಪೆ ಹಾಕಿದ ಶಾಲು. ಆ ವರ್ಷ ಕೊನೆಗೂ ತನಗೆಂದು ಒಂದು ನೇಯ್ದಿದ್ದ. ಕುಚ್ಚಿಗೆ ನೂಲು ಬೇಕಾಯಿತು. ಹೆಂಡತಿಯನ್ನು ಎಬ್ಬಿಸುವುದೇಕೆ ಎಂದು ತಾನೇ ಅವಳ ಬುಟ್ಟಿ ತೆರೆದ. ಆಲಿವ್ ಕದಿರಿನ ಮೈಗೆ ಸುತ್ತಿಟ್ಟ ನೂಲು ಅಲ್ಲೇ ಇತ್ತು. ಆ ಕದಿರಿನ ಮೇಲೆ ಇದ್ದ ಮೇಲೆ ಕೇಳುವುದೇನಿದೆ? ನಾನಾಗಿದ್ದರೂ ಕೇಳುತ್ತಿರಲಿಲ್ಲ. ಹದಿನಾರು ಎಳೆ ಕತ್ತರಿಸಿದ, ನಾಲ್ಕು ಮೂಲೆಗೂ ಕಟ್ಟಿದ. ಐದೈದು ಗಂಟು, ನಡುವೆ ಸುತ್ತು, ಎಲ್ಲ ಲೆಕ್ಕದ ಪ್ರಕಾರ. ಮುಗಿಸಿ ಶಾಲನ್ನು ತೋಳಿನ ಮೇಲೆ ಹರಡಿಕೊಂಡು ಅವಳ ಹಾಸಿಗೆಯ ಹತ್ತಿರ ಬಂದ. ನಾನು ಆಗ ಅವಳಿಗೆ ಗಂಜಿ ಕುಡಿಸುತ್ತಿದ್ದೆ.

‘ಇಪ್ಪತ್ತಾರು ವರ್ಷದಲ್ಲಿ ಇಂಥ ನೂಲು ತೆಗೆದಿರ್ಲಿಲ್ಲ ಕಣೇ ನೀನು’ ಎಂದ. ‘ನನ್ನ ಶಾಲಿಗೆ ಅಂತ ಬಚ್ಚಿಟ್ಟಿದ್ದೆ ಅಲ್ವಾ? ಕಳ್ಳಿ.’

ಅವನು ನಗುತ್ತಿದ್ದ. ಮುಖದ ತುಂಬ, ಕಿವಿಯವರೆಗೆ. ಹನೀನಾ ಆ ಕುಚ್ಚುಗಳನ್ನು ನೋಡಿದಳು, ಅವನ ಮುಖ ನೋಡಿದಳು. ನಾನು ಗಂಜಿಯ ಬಟ್ಟಲು ಹಿಡಿದಿದ್ದೆ, ಅದು ಅವಳ ಹಲ್ಲಿಗೆ ತಾಗಿ ಟಕ್ಕೆಂದದ್ದು ಈಗಲೂ ಕೇಳಿದ ಹಾಗಿದೆ. ‘ಹೂಂ’ ಎಂದಳು. ಅಷ್ಟೇ ಎಂದದ್ದು.

ಅವನು ಆಚೆ ಹೋದ ಮೇಲೆ ನನಗೆ ಎಲ್ಲ ಹೇಳಿದಳು. ಅಂಗಿಗೆಂದು ನೂತದ್ದನ್ನು ಅವನು ಕುಚ್ಚು ಮಾಡಿ ಕಟ್ಟಿಕೊಂಡಿದ್ದಾನೆ, ಅದು ಸಲ್ಲುವುದಿಲ್ಲ. ಹೇಳೋಣವೆಂದರೆ ಯಾವ ಅಂಗಿ, ಯಾರ ಅಂಗಿ ಎಂದು ಕೇಳುತ್ತಾನೆ. ಹೇಳದಿದ್ದರೆ ದಿನ ಬೆಳಗ್ಗೆ ಎದ್ದು ಬರಿ ನೂಲು ಹೊದ್ದು ದೇವರ ಹೆಸರೆತ್ತುತ್ತಾನೆ. ನಾನು ಅವಳಿಗೆ ಬಾಯಿ ಮುಚ್ಚಿಕೊಂಡಿರು ಎಂದೆ. ಗಂಡಸರು ಏನೇನು ಹೊದೆಯುತ್ತಾರೋ ದೇವರಿಗೆ ಗೊತ್ತು, ಒಂದು ಶಾಲಿನಿಂದ ಆಕಾಶ ಬೀಳುವುದಿಲ್ಲ ಎಂದೆ. ತಪ್ಪು ನನ್ನದು. ಈಗ ಹೇಳುತ್ತೇನೆ, ಆಗ ಒಪ್ಪುತ್ತಿರಲಿಲ್ಲ.

ಅವಳು ಬಾಯಿ ಮುಚ್ಚಿಕೊಂಡೇ ಇದ್ದಳು, ಒಂದು ವರ್ಷ ಎರಡು ತಿಂಗಳು. ದಿನ ಬೆಳಗ್ಗೆ ರಹ್ಮೀನ್ ಶಾಲಿನ ಚೀಲ ಕಂಕುಳಲ್ಲಿ ಇಟ್ಟುಕೊಂಡು ಪ್ರಾರ್ಥನಾ ಮಂದಿರಕ್ಕೆ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಲ್ಲಿ ಅವನು ಏನು ಮಾಡುತ್ತಾನೆಂದು ಅವಳಿಗೆ ಗೊತ್ತು, ಎಲ್ಲ ಗಂಡಸರೂ ಮಾಡುವುದೇ. ನಾಲ್ಕು ಕುಚ್ಚನ್ನೂ ಎಡಗೈಯಲ್ಲಿ ಒಟ್ಟು ಮಾಡಿ ಹಿಡಿದು ದೇವರು ಒಬ್ಬನೇ ಎನ್ನುವುದು, ಆಮೇಲೆ ಅವನ್ನು ಕಣ್ಣಿಗೆ ಒತ್ತಿಕೊಂಡು ಮುತ್ತಿಡುವುದು. ರಹ್ಮೀನ್ ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತಾನೆ, ಹೆಂಡತಿ ನೂತದ್ದೆಂದು ಜಂಬ ಎಂದು ನನ್ನ ಗಂಡ ಬಂದು ನಗುತ್ತ ಹೇಳುತ್ತಿದ್ದ. ನಾನು ಅದನ್ನು ಹನೀನಾಳಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ.

ಅವಳ ಕಣ್ಣಿನಿಂದ ಆ ದೂರ ಹೊರಟುಹೋಯಿತು. ಉಪ್ಪು ಸರಿಯಾಗಿ ಹಾಕತೊಡಗಿದಳು. ಗೋಡೆಯ ಬಿಸಿಲನ್ನು ನೋಡುವುದು ಬಿಟ್ಟಳು. ಕೇರಿಯವರು ಹನೀನಾ ಎದ್ದಳು ಎಂದರು. ಅವಳಿಗೆ ಹೋಗಲು ಇದ್ದ ಜಾಗವೂ ಹೋಯಿತಲ್ಲ ಎಂದುಕೊಂಡೆ ನಾನು.

ಮರುವರ್ಷದ ಚಳಿಗಾಲಕ್ಕೆ ರಹ್ಮೀನನಿಗೆ ಕೆಮ್ಮು ಹಿಡಿಯಿತು. ಎಲ್ಲ ನೇಕಾರರಿಗೂ ಹಿಡಿಯುವುದೇ, ಉಣ್ಣೆಯ ಧೂಳು. ಒಂದು ಮಧ್ಯಾಹ್ನ ಕೆಮ್ಮಿ ಕೆಮ್ಮಿ ಸುಸ್ತಾದವನು ಗೋಡೆಗೊರಗಿ ಕೂತು, ತಾನು ಹೋದರೆ ಇದೇ ಶಾಲು ಹೊದಿಸಿ ಮಣ್ಣು ಮಾಡಬೇಕು, ಹಳೆಯದನ್ನು ತೆಗೆದೀರಿ ಮತ್ತೆ ಎಂದ. ತಮಾಷೆಗೆಂಬಂತೆ ಅಂದದ್ದು. ಹನೀನಾ ಎದ್ದು ತಲೆಗೆ ಬಟ್ಟೆ ಹಾಕಿಕೊಂಡು ನೇರ ನಮ್ಮ ಧರ್ಮಗುರು ರಬ್ಬಿ ಮಖ್ಲೂಫರ ಮನೆಗೆ ಹೋದಳು. ನಾನೂ ಹಿಂದೆ ಓಡಿದೆ.

ರಬ್ಬಿ ಮಖ್ಲೂಫ್ ಮುದುಕರು, ಕೇರಿಯ ಅರ್ಧ ಜಗಳ ಅವರ ಮನೆಯಂಗಳದಲ್ಲೇ ಮುಗಿಯುತ್ತಿತ್ತು. ಬಿಸಿಲಿಗೆ ಕಾಲು ಚಾಚಿ ಕೂತು ಬೀಜ ಬಿಡಿಸುತ್ತಿದ್ದರು. ಹನೀನಾ ಯಾರೋ ಒಬ್ಬ ಹೆಂಗಸು ಎಂದು ಶುರುಮಾಡಿದಳು. ಆ ಹೆಂಗಸು ಕುಚ್ಚಿನ ಉಣ್ಣೆಯನ್ನೇ ತೆಗೆದುಕೊಂಡು, ಕುಚ್ಚಿಗೆಂದೇ ಇಟ್ಟ ಕದಿರಿನಿಂದಲೇ, ಆದರೆ ಮನಸ್ಸಿನಲ್ಲಿ ಬೇರೆಯದನ್ನು ಇಟ್ಟುಕೊಂಡು ನೂತರೆ? ಬಾಯಲ್ಲೂ ಬೇರೆಯದನ್ನೇ ಹೇಳಿದರೆ?

‘ಕದಿರಿಗೇನು ಗೊತ್ತಾಗತ್ತೆ ತಾಯಿ, ಅದು ಮರ’ ಎಂದರು ರಬ್ಬಿ. ‘ಸಲ್ಲಲ್ಲ.’

‘ಉಣ್ಣೆ ಸರಿ ಇದೆ, ಕದಿರು ಸರಿ ಇದೆ, ಕೈ ಅದೇ ಕೈ. ನಾಲ್ಕರಲ್ಲಿ ಮೂರು ಸರಿ ಇದೆಯಲ್ಲ ರಬ್ಬಿ.’

‘ಇದೇನು ಮೀನಿನ ವ್ಯಾಪಾರವಾ ಚೌಕಾಸಿ ಮಾಡೋಕೆ?’

ಗೊತ್ತಿಲ್ಲದೆ ಅದನ್ನು ಕಟ್ಟಿಕೊಂಡವನ ಗತಿ ಏನು ಎಂದು ಕೇಳಿದಳು. ಗೊತ್ತಿಲ್ಲದವನ ಮೇಲೆ ತಪ್ಪಿಲ್ಲ, ಅವನ ಮನಸ್ಸು ನೆಟ್ಟಗಿತ್ತು, ಆದರೆ ಕಟ್ಟಳೆ ನಡೆದಂತಾಗಲಿಲ್ಲ, ಹೊದೆಯುವಾಗ ಹೇಳಿದ ಪ್ರಾರ್ಥನೆ ಬರಿ ಗಾಳಿಗೆ ಹೋದಂತೆ ಎಂದರು. ಗೊತ್ತಿದ್ದೂ ಸುಮ್ಮನಿದ್ದ ಹೆಂಗಸಿನ ಗತಿ ಏನು ಎಂದು ಅವಳು ಕೇಳಲಿಲ್ಲ. ರಬ್ಬಿ ಬೀಜ ಬಿಡಿಸುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

‘ಆ ಹೆಂಗಸಿಗೆ ಹೇಳು’ ಎಂದರು ಮೆಲ್ಲಗೆ. ‘ನೂಲು ಬಿಚ್ಚಿ ಬೇರೆ ಕಟ್ಟಿದ್ರೆ ಆಯ್ತು. ಇದಕ್ಕೆಲ್ಲ ಅಳ್ಬಾರ್ದು.’

ವಾಪಸು ಹೊರಟೆವು. ಮರಳಿನ ಓಣಿ, ಎರಡೂ ಕಡೆ ಬಿಳಿ ಗೋಡೆ, ಸಂಜೆಗೆ ಮುಂಚಿನ ಆ ಹಾಲಿನಂಥ ಬೆಳಕು. ಮನೆ ಹತ್ತಿರ ಬಂದಾಗ, ಬಿಚ್ಚಿ ಬೇರೆ ಕಟ್ಟಿದರೆ ಆಯಿತಂತೆ, ನಮ್ಮನೆಯವರಿಗೆ ಹೇಳಬೇಕಾಗಿಯೇ ಇಲ್ಲ ಎಂದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಬಂದಿತ್ತು. ನಾನೂ ನಕ್ಕೆ. ನಾವಿಬ್ಬರೂ ಎಂಥ ಪೆದ್ದಿಯರು.

ಮಾರನೆಯ ಬೆಳಗ್ಗೆ ಆಲಿವ್ ಕದಿರು ಎತ್ತಿಕೊಂಡು ಕುಚ್ಚಿನ ಮಾತನ್ನು ಮೂರು ಸಲ ಹೇಳಿದಳು, ಒಂದೊಂದು ಸಲವೂ ಗಟ್ಟಿಯಾಗಿ, ನನಗೂ ಕೇಳುವ ಹಾಗೆ. ಮೂರು ದಿನ ನೂತಳು. ಮನಸ್ಸು ಬೇರೆಲ್ಲೂ ಹೋಗದಂತೆ ಹಲ್ಲು ಕಚ್ಚಿ ಹಿಡಿದು ನೂತಳು. ಒಳ್ಳೆಯ ನೂಲೇ ಬಂತು. ಆ ನೂಲಿನಂಥದ್ದು ಬರಲಿಲ್ಲ. ಹುರಿ ಮಾಡಿ, ಬಿಚ್ಚಿ, ಮತ್ತೆ ಹುರಿ ಮಾಡಿದಳು. ಬರಲಿಲ್ಲ. ಇಷ್ಟು ಸಾಕು, ಗಂಡಸಿನ ಕಣ್ಣಿಗೆ ಏನು ಗೊತ್ತಾಗುತ್ತದೆ ಎಂದೆ ನಾನು.

ದಿನಕ್ಕೆ ಒಂದು ಮೂಲೆ ಎಂದು ನಿಶ್ಚಯವಾಯಿತು. ಊಟವಾದ ಮೇಲೆ ರಹ್ಮೀನ್ ಒಂದು ಗಳಿಗೆ ಮಲಗುವ ಅಭ್ಯಾಸ. ಭಾನುವಾರ ಅವನು ಗೊರಕೆ ಹೊಡೆಯತೊಡಗಿದ ಮೇಲೆ ಅವಳು ಶಾಲಿನ ಚೀಲ ತೆಗೆದುಕೊಂಡು ನನ್ನ ಕೋಣೆಗೆ ಬಂದಳು. ಒಂದು ಮೂಲೆಯ ಗಂಟುಗಳನ್ನು ಸೂಜಿಯ ತುದಿಯಿಂದ ಬಿಡಿಸಿದಳು. ಹಳೆಯ ಎಳೆಗಳನ್ನು ರವಿಕೆಯೊಳಗೆ ಇಟ್ಟುಕೊಂಡಳು. ಹೊಸದನ್ನು ಕಟ್ಟಿದಳು. ಹೆಂಗಸು ಕುಚ್ಚು ಕಟ್ಟಬಾರದೆಂದು ಕೆಲವರು ಮೂಗು ಮುರಿಯುತ್ತಾರೆ, ನಮ್ಮಲ್ಲಿ ಕಟ್ಟಿದರೆ ಸಲ್ಲುತ್ತದೆ. ಗಂಟು ಅಚ್ಚುಕಟ್ಟಾಗಿ ಬಂತು. ಪಕ್ಕದ ಮೂಲೆಯ ಜೊತೆ ಹಿಡಿದು ನೋಡಿದೆವು, ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಸೋಮವಾರ ಬೆಳಗ್ಗೆ ರಹ್ಮೀನ್ ಪ್ರಾರ್ಥನೆಯಿಂದ ಬೇಗ ಬಂದ. ಶಾಲು ಚೀಲದಲ್ಲಿರಲಿಲ್ಲ, ತೋಳಿನ ಮೇಲಿತ್ತು. ನಾನು ಅಂಗಳದಲ್ಲಿ ಜರಡಿ ಹಿಡಿಯುತ್ತಿದ್ದೆ. ನನ್ನನ್ನು ದಾಟಿಕೊಂಡು ಒಳಗೆ ಹೋದ, ಬಾಗಿಲು ಹಾಕಲಿಲ್ಲ. ನಾನು ಜರಡಿ ನಿಲ್ಲಿಸಿದೆ. ಹೌದು, ಕೇಳುತ್ತ ಕೂತೆ, ಅದರಲ್ಲಿ ಸುಳ್ಳೇಕೆ.

‘ಒಂದು ಮೂಲೆ ಬೇರೆ ಇದೆ’ ಎಂದ. ‘ನಿನ್ನ ಕೈಯದೇ, ನಿನ್ನ ನೂಲೇ. ಆದ್ರೆ ಬೇರೆ ದಿನದ್ದು.’

ಗಂಡಸಿನ ಕಣ್ಣಿಗೆ ಗೊತ್ತಾಗುವುದಿಲ್ಲ ಎಂದಿದ್ದೆ. ಅವನು ನೇಕಾರ, ಕಣ್ಣಿನಿಂದ ನೋಡುವವನಲ್ಲ. ನಾಲ್ಕು ಕುಚ್ಚು ಹಿಡಿದು ದೇವರು ಒಬ್ಬನೇ ಎನ್ನುವಾಗ ಒಂದು ಕುಚ್ಚು ಬೇರೆಯಾಗಿ ಬೆರಳಿಗೆ ಹತ್ತಿತಂತೆ. ಅಲ್ಲೇ ನಿಲ್ಲಿಸಿದನಂತೆ, ಉಳಿದವರು ಪ್ರಾರ್ಥನೆಯಲ್ಲಿ ಮುಂದೆ ಹೋದರಂತೆ.

ಹನೀನಾ ಸುಳ್ಳು ಹೇಳಬಹುದಿತ್ತು. ಇಲಿ ಕಡಿದಿತ್ತು, ದೀಪಕ್ಕೆ ತಾಗಿತು, ಏನಾದರೂ. ನಾನು ಅಂಗಳದಿಂದಲೇ ಅವಳಿಗೆ ಒಂದು ಸುಳ್ಳು ಹುಡುಕುತ್ತಿದ್ದೆ. ಅವಳು ಹೇಳಲಿಲ್ಲ. ಎಲ್ಲ ಹೇಳಿದಳು. ಮೂರು ತಿಂಗಳು, ಆಲಿವ್ ಕದಿರು, ಅಂಗಿ, ಐದನೆಯ ದಿನ, ನಾನು ಕಾಯಿಸಿದ ನೀರು. ರಬ್ಬಿ ಅಂದದ್ದನ್ನೂ ಹೇಳಿದಳು. ಒಂದೇ ದನಿಯಲ್ಲಿ, ಅಳದೆ, ಬೇರೆ ಯಾರದೋ ಮನೆಯ ವಿಷಯ ಹೇಳುವ ಹಾಗೆ. ಆಮೇಲೆ ಅವಳೇ ಹೇಳಿದ್ದು, ಅಷ್ಟು ಹೊತ್ತೂ ಅವನು ಉಳಿದ ಮೂರು ಮೂಲೆಯ ಗಂಟುಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸುತ್ತಿದ್ದನಂತೆ, ಎಳೆ ಹರಿಯದ ಹಾಗೆ.

‘ನನಗ್ಯಾಕೆ ಹೇಳಲಿಲ್ಲ?’

‘ನೀವು ಅದನ್ನ ಹಿಡ್ಕೊಂಡು ನಗ್ತಾ ನಿಂತಿದ್ರಿ.’

ಪಕ್ಕದ ಓಣಿಯಲ್ಲಿ ಮೀನಿನವನು ಕೂಗಿಕೊಂಡು ಹೋದ. ಒಳಗೆ ರಹ್ಮೀನ್ ಒಂದು ಸಲ ಕೆಮ್ಮಿದ. ನನಗೆ ಭಯವಾಯಿತು, ಈಗ ಎದ್ದು ಆ ಖರ್ಜೂರದ ಮರದ ಕಡೆ ಹೋಗಿಬಿಡುತ್ತಾನೆ ಎಂದು. ಹನೀನಾಳಿಗೂ ಅದೇ ಭಯ ಇದ್ದಿರಬೇಕು. ನಿಮ್ಮ ಒಂದು ವರ್ಷದ ಬೆಳಗುಗಳನ್ನೆಲ್ಲ ಹಾಳು ಮಾಡಿದೆ, ಒಂದು ದಿನದ್ದೂ ಸಲ್ಲಲಿಲ್ಲವಂತೆ, ಎಲ್ಲ ಗಾಳಿಗೆ ಹೋಯಿತಂತೆ, ನನ್ನನ್ನು ಬೈಯಿರಿ, ಏನಾದರೂ ಅನ್ನಿ ಎಂದಳು.

‘ಹೆಸರೇನು ಅಂದ್ಕೊಂಡಿದ್ದೆ?’ ಎಂದು ಕೇಳಿದ ಅವನು.

‘ಸಾಸ್ಸಿ. ಗಂಡಾದ್ರೆ.’ ಅದು ಅವನ ಅಪ್ಪನ ಹೆಸರು, ಮೊದಲ ಮಗನಿಗೆ ಇಡಬೇಕಾದದ್ದು. ‘ಗಂಡೇ ಅಂತ ನನ್ನ ಮನಸ್ಸಿಗೆ ಗೊತ್ತಿತ್ತು.’

‘ಅಂಗಿಗೆ ಅಂತ ಹೇಳಿ ನೂತಿದ್ದು ಕುಚ್ಚಾಗಲ್ಲ, ಅಂಗಿಯದೇ. ರಬ್ಬಿ ಹಂಗೆ ತಾನೆ ಅಂದಿದ್ದು?’

‘ಹೂಂ.’

‘ಯಾರ ಹೆಸರಲ್ಲಿ ನೂತ್ಯೋ ಅವರದೇ.’

‘ಹೂಂ.’

‘ಹಂಗಾದ್ರೆ ಇಷ್ಟು ದಿನ ಬೆಳಗಾಗೆದ್ದು ನಾನು ಮುತ್ತು ಕೊಟ್ಟಿದ್ದು ಸಾಸ್ಸಿಗೆ’ ಎಂದ ರಹ್ಮೀನ್. ‘ಕಣ್ಣಿಗೆ ಒತ್ತಿಕೊಂಡಿದ್ದು ಅವನನ್ನೇ. ಅದು ಹೆಂಗೆ ಗಾಳಿಗೆ ಹೋಗತ್ತೆ ಹನೀನಾ?’

ಆಗ ಅವಳು ಅತ್ತಳು. ನೋವು ತಿಂದ ದಿನ ಕೂಗದವಳು ಅಂದು ಕೂಗಿದಳು, ಕೇರಿಗೆಲ್ಲ ಕೇಳುವ ಹಾಗೆ. ಅವನೂ ಅಳುತ್ತಿದ್ದ, ಕೆಮ್ಮು ಯಾವುದು ಅಳು ಯಾವುದು ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಹುಟ್ಟದೆ ಹೋದ ಅಂಥ ಕೂಸಿಗೆ ಸೂತಕವಿಲ್ಲ, ಸತ್ತವರಿಗೆ ಕೂರುವ ಹಾಗೆ ನೆಲದ ಮೇಲೆ ಕೂರುವುದಿಲ್ಲ, ಯಾರೂ ಬಂದು ಮಾತಾಡಿಸುವುದಿಲ್ಲ. ಜರಡಿಯನ್ನು ಅಲ್ಲೇ ಬಿಟ್ಟು ಎದ್ದೆ. ಒಳಗೆ ಹೋಗಲೋ ಬೇಡವೋ ತಿಳಿಯದೆ ಅವರ ಹೊಸ್ತಿಲ ಮೇಲೆ ಕೂತುಕೊಂಡೆ.

ಓಣಿಯ ಕಡೆಯ ಬಾಗಿಲು ತೆರೆಯಿತು. ಮೂಲೆಮನೆಯ ಮುದುಕಿ ಕೋಲೂರಿಕೊಂಡು ಬಂದು ನಿಂತಿದ್ದಳು, ಅವಳ ಹಿಂದೆ ಇನ್ನಿಬ್ಬರು ಹೆಂಗಸರು.

‘ಯಾರೇ ಹೋದ್ರು?’ ಎಂದು ಕೇಳಿದಳು.

‘ಇವರ ಮಗ’ ಎಂದೆ ನಾನು. ‘ಸಾಸ್ಸಿ.’

ಮುದುಕಿ ನನ್ನ ಮುಖ ನೋಡಿದಳು. ಕೋಲನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು, ಒಳಗೆ ಹೋಗಿ ಅವರಿಬ್ಬರ ಪಕ್ಕ ನೆಲದ ಮೇಲೆ ಕೂತಳು.